ಕ್ವಾಂಟಮ್ ಕಂಪ್ಯೂಟರ್ ಅಂದ್ರ ಏನ್ರಿ?

ಹುಕ್ಕೇರಿ ತಾಲ್ಲೂಕಿನ ನಿಡಸೋಶಿಯಲ್ಲಿ ಹಿರಾಶುಗರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಎಂಬ ಎಂಜಿನಿಯರಿಂಗ್ ಕಾಲೇಜಿದೆ. 1996ರಲ್ಲಿ ಶುರುವಾದದ್ದು. ಅದರ ಪಠ್ಯ ಬರುವುದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಿಂದ, ಅಂದರೆ ವಿಟಿಯುನಿಂದ. ವಿಟಿಯು ತನ್ನ 2022ರ ಸ್ಕೀಮ್‌ನಲ್ಲಿ ಕಂಪ್ಯೂಟರ್ ವಿಭಾಗದ ಮಕ್ಕಳಿಗೆ ಮೊದಲ ವರ್ಷದ ಭೌತಶಾಸ್ತ್ರದಲ್ಲೇ ಕ್ವಾಂಟಮ್ ಕಂಪ್ಯೂಟಿಂಗ್ ಎಂಬ ಪಾಠ ಸೇರಿಸಿತು. ಕ್ಯೂಬಿಟ್, ಹ್ಯಾಡಮಾರ್ಡ್ ಗೇಟ್, ಸಿ-ನಾಟ್ ಗೇಟ್ ಎಲ್ಲವೂ ಅದರಲ್ಲಿವೆ. ಸಂಕೇಶ್ವರದ ಬಸ್ಸಿನಲ್ಲಿ ಕಾಲೇಜಿಗೆ ಹೋಗುವ ಹುಡುಗಿಯ ಚೀಲದಲ್ಲಿ ಈ ಪಾಠದ ನೋಟ್ಸ್ ಇರಬಹುದು. ಮನೆಯಲ್ಲಿ ತಂದೆ ತಾಯಿ ಕೇಳಿದರೆ ಅವಳಿಗೆ ವಿವರಿಸುವುದು ಕಷ್ಟ. ಪಾಠದಲ್ಲಿ ಸೂತ್ರಗಳಿವೆ, ಮಾತು ಕಡಿಮೆ.

ಆ ಮಾತನ್ನು ಇಲ್ಲಿ ಹೇಳುತ್ತೇನೆ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಪಿಯುಸಿ, ಡಿಗ್ರಿ ಓದುವ ಮಕ್ಕಳಿಗೆ, ಅವರ ಪಾಲಕರಿಗೆ, ಶಾಲೆಯ ಮಾಸ್ತರರಿಗೆ ಇದು. ಓದಲು ಎಂಜಿನಿಯರ್ ಆಗಿರಬೇಕಾಗಿಲ್ಲ. ನಡುವೆ ಒಂದು ಕಡೆ ಸಣ್ಣ ಲೆಕ್ಕ ಬರುತ್ತದೆ. ಕೂಡುವುದು, ಕಳೆಯುವುದು, ಗುಣಿಸುವುದು ಗೊತ್ತಿದ್ದರೆ ಸಾಕು.

ಮೊದಲು ಒಂದು ತಪ್ಪು ತಿಳಿವಳಿಕೆ ತೆಗೆದುಹಾಕೋಣ. ಕ್ವಾಂಟಮ್ ಕಂಪ್ಯೂಟರ್ ಎಂದರೆ ಈಗಿನ ಕಂಪ್ಯೂಟರಿಗಿಂತ ಸಾವಿರ ಪಟ್ಟು ವೇಗದ ಕಂಪ್ಯೂಟರ್ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಅದರಲ್ಲಿ ಸಿನಿಮಾ ನೋಡಲು ಆಗದು, ಕನ್ನಡದಲ್ಲಿ ಪತ್ರ ಟೈಪ್ ಮಾಡಲು ಆಗದು, ಅಂಗಡಿಯ ಲೆಕ್ಕ ಇಡಲೂ ಆಗದು. ಅವಕ್ಕೆಲ್ಲ ಈಗಿನ ಕಂಪ್ಯೂಟರೇ ಮೇಲು, ಮುಂದೆಯೂ ಅದೇ ಮೇಲು. ಕ್ವಾಂಟಮ್ ಯಂತ್ರ ಬೇರೆ ಜಾತಿಯದು. ಕೆಲವೇ ಕೆಲವು ಬಗೆಯ ಲೆಕ್ಕಗಳಿಗಾಗಿ ಅದನ್ನು ಕಟ್ಟುತ್ತಿದ್ದಾರೆ.

ಈಗಿನ ಕಂಪ್ಯೂಟರ್ ಕೆಲಸ ಮಾಡುವುದು ಬಿಟ್‌ನಿಂದ. ಬಿಟ್ ಎಂದರೆ ಮಾಹಿತಿಯ ಅತಿ ಸಣ್ಣ ತುಂಡು. ಅದು 0 ಇರುತ್ತದೆ, ಇಲ್ಲವೇ 1 ಇರುತ್ತದೆ. ನಿಮ್ಮ ಫೋನಿನ ಫೋಟೊ, ಹಾಡು, ಬ್ಯಾಂಕಿನ ಮೆಸೇಜ್ ಎಲ್ಲವೂ ಒಳಗೆ ಇಂಥ 0 ಮತ್ತು 1ಗಳ ಸಾಲೇ. ಕ್ವಾಂಟಮ್ ಕಂಪ್ಯೂಟರಿನಲ್ಲಿ ಬಿಟ್ ಬದಲು ಕ್ಯೂಬಿಟ್ ಇರುತ್ತದೆ. ಪರಮಾಣು, ಎಲೆಕ್ಟ್ರಾನ್, ಬೆಳಕಿನ ಕಣ ಇವೆಲ್ಲ ನಡೆದುಕೊಳ್ಳುವ ರೀತಿಗೆ ಕ್ವಾಂಟಮ್ ನಿಯಮ ಎನ್ನುತ್ತಾರೆ. ಕ್ಯೂಬಿಟ್ ಆ ನಿಯಮದಂತೆ ನಡೆಯುತ್ತದೆ. ಅದು 0 ಇರಬಹುದು, 1 ಇರಬಹುದು, ಎರಡೂ ಕೂಡಿದ ಸ್ಥಿತಿಯಲ್ಲೂ ಇರಬಹುದು. ಈ ಕೂಡಿದ ಸ್ಥಿತಿಗೆ ಸೂಪರ್‌ಪೊಸಿಷನ್ ಎಂದು ಹೆಸರು. ಆದರೆ ನಾವು ಅದನ್ನು ಅಳೆದು ನೋಡಿದ ಕೂಡಲೇ ಅದು 0 ಅಥವಾ 1 ಆಗಿಯೇ ಸಿಗುತ್ತದೆ. ಅಳೆದ ಮೇಲೆ ಮೊದಲಿನ ಕೂಡಿದ ಸ್ಥಿತಿ ಉಳಿಯುವುದಿಲ್ಲ.

ಇಲ್ಲಿ ಒಬ್ಬ ಜಾಣ ಓದುಗರಿಗೆ ಅನುಮಾನ ಬರಬೇಕು. "ಅದರಾಗೇನ್ ವಿಶೇಷ ಐತ್ರಿ? ಒಳಗ 0 ಐತೋ 1 ಐತೋ ನಮಗ ಗೊತ್ತಿಲ್ಲ, ತೆಗೆದು ನೋಡಿದಾಗ ಗೊತ್ತಾಗ್ತೈತಿ, ಅಷ್ಟೇ ಅಲ್ಲೇನ್ರಿ?" ಒಳ್ಳೆಯ ಪ್ರಶ್ನೆ. ಇಡೀ ವಿಷಯದ ಗುಟ್ಟು ಇದರ ಉತ್ತರದಲ್ಲಿದೆ. ಹೀಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಘಟಪ್ರಭಾ ಎಡದಂಡೆ ಕಾಲುವೆಯಲ್ಲಿ ನೀರು ನಿಂತಿರುವಾಗ ಎರಡು ಕಲ್ಲು ಸ್ವಲ್ಪ ದೂರ ದೂರ ಒಗೆಯಿರಿ. ಎರಡೂ ಕಡೆಯಿಂದ ಅಲೆಗಳು ಹರಡಿ ಒಂದನ್ನೊಂದು ದಾಟುತ್ತವೆ. ಒಂದು ಅಲೆಯ ಉಬ್ಬು ಇನ್ನೊಂದರ ಉಬ್ಬಿಗೆ ಸಿಕ್ಕ ಕಡೆ ನೀರು ಇನ್ನೂ ಎತ್ತರಕ್ಕೆ ಏಳುತ್ತದೆ. ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಸಿಕ್ಕ ಕಡೆ ನೀರು ಅಲುಗುವುದೇ ಇಲ್ಲ. ಅಲೆಗಳು ಹೀಗೆ ಕೂಡಿಕೊಳ್ಳುವುದನ್ನು, ಅಳಿಸಿಕೊಳ್ಳುವುದನ್ನು ಪಿಯುಸಿ ಪುಸ್ತಕದಲ್ಲಿ ವ್ಯತಿಕರಣ ಎನ್ನುತ್ತಾರೆ. ಕ್ಯೂಬಿಟ್‌ನ 0 ಮತ್ತು 1ಕ್ಕೂ ಇಂಥದೇ ಅಲೆಯ ಗುಣವಿದೆ. ಪ್ರತಿಯೊಂದಕ್ಕೂ ಒಂದು ಸಂಖ್ಯೆ ಅಂಟಿಕೊಂಡಿರುತ್ತದೆ. ಅದಕ್ಕೆ ಆಂಪ್ಲಿಟ್ಯೂಡ್ ಎನ್ನುತ್ತಾರೆ, ಅಂದರೆ ಅಲೆಯ ಎತ್ತರ. ಈ ಸಂಖ್ಯೆ ಧನವೂ ಇರಬಹುದು, ಋಣವೂ ಇರಬಹುದು. ಅದರ ವರ್ಗ ಮಾಡಿದರೆ ಆ ಫಲಿತಾಂಶ ಸಿಗುವ ಸಂಭವನೀಯತೆ ಬರುತ್ತದೆ.

ಲೆಕ್ಕ ಹಾಕಿಯೇ ನೋಡೋಣ. 0 ಸ್ಥಿತಿಯ ಒಂದು ಕ್ಯೂಬಿಟ್ ತೆಗೆದುಕೊಳ್ಳಿ. ಅದರ ಮೇಲೆ ಹ್ಯಾಡಮಾರ್ಡ್ ಗೇಟ್ ಹಾಕಿ. ಗೇಟ್ ಎಂದರೆ ಕ್ಯೂಬಿಟ್‌ನ ಸ್ಥಿತಿ ಬದಲಿಸುವ ಒಂದು ಹೆಜ್ಜೆ. ಈಗ 0ರ ಆಂಪ್ಲಿಟ್ಯೂಡ್ 0.707 ಆಗುತ್ತದೆ, 1ರದ್ದೂ 0.707 ಆಗುತ್ತದೆ. ವರ್ಗ ಮಾಡಿದರೆ ಎರಡೂ 0.5. ಅಂದರೆ ಅಳೆದಾಗ ಅರ್ಧ ಸಲ 0, ಅರ್ಧ ಸಲ 1. ಇಲ್ಲಿಯವರೆಗೆ ನಾಣ್ಯ ಚಿಮ್ಮಿದಂತೆಯೇ ಕಾಣುತ್ತದೆ.

ಈಗ ಅಳೆಯದೆ ಇನ್ನೊಂದು ಸಲ ಅದೇ ಹ್ಯಾಡಮಾರ್ಡ್ ಗೇಟ್ ಹಾಕಿ. ಈ ಗೇಟಿನ ನಿಯಮ ಹೀಗಿದೆ: 0ಯನ್ನು ಅದು ಸಮನಾದ 0 ಮತ್ತು 1 ಮಾಡುತ್ತದೆ. 1ನ್ನೂ ಸಮನಾದ 0 ಮತ್ತು 1 ಮಾಡುತ್ತದೆ, ಆದರೆ ಆ 1ಕ್ಕೆ ಋಣ ಚಿಹ್ನೆ ಹಾಕುತ್ತದೆ. ಹಾಗಾಗಿ ಕೊನೆಗೆ 1ಕ್ಕೆ ಎರಡು ದಾರಿಯಿಂದ ಪಾಲು ಬರುತ್ತದೆ. ಒಂದು ದಾರಿಯಿಂದ ಧನ ಅರ್ಧ, ಇನ್ನೊಂದು ದಾರಿಯಿಂದ ಋಣ ಅರ್ಧ. ಕೂಡಿದರೆ ಸೊನ್ನೆ. 0ಗೆ ಎರಡೂ ದಾರಿಯಿಂದ ಧನ ಅರ್ಧ ಬರುತ್ತದೆ. ಕೂಡಿದರೆ ಒಂದು. ಅಂದರೆ ಈಗ ಅಳೆದರೆ ಪ್ರತಿ ಸಲವೂ 0 ಸಿಗುತ್ತದೆ. ನೂರಕ್ಕೆ ನೂರು.

ನಾಣ್ಯಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಒಳಗೆ 0 ಅಥವಾ 1 ಯಾವುದೋ ಒಂದು ಅಡಗಿ ಕೂತಿದ್ದರೆ ಎರಡನೆಯ ಸಲವೂ ಅರ್ಧಕ್ಕರ್ಧ ಬರಬೇಕಿತ್ತು. ಬರುವುದಿಲ್ಲ. ಎರಡೂ ದಾರಿ ನಿಜವಾಗಿ ಇದ್ದವು, ಒಂದನ್ನೊಂದು ಮುಟ್ಟಿದವು, ಒಂದು ಫಲಿತಾಂಶ ಅಳಿಸಿಹೋಯಿತು. ಕ್ವಾಂಟಮ್ ಕಂಪ್ಯೂಟಿಂಗ್ ಪೂರಾ ನಿಂತಿರುವುದು ಇದರ ಮೇಲೆ. ಬೇಡದ ಉತ್ತರಗಳ ಅಲೆ ಅಳಿಸಿಹೋಗುವ ಹಾಗೆ, ಬೇಕಾದ ಉತ್ತರದ ಅಲೆ ಎತ್ತರ ಏಳುವ ಹಾಗೆ ಗೇಟುಗಳನ್ನು ಸಾಲಾಗಿ ಜೋಡಿಸುತ್ತಾರೆ. ಆ ಜೋಡಣೆಗೆ ಕ್ವಾಂಟಮ್ ಆಲ್ಗರಿದಮ್ ಎಂದು ಹೆಸರು. ಆಲ್ಗರಿದಮ್ ಎಂದರೆ ಲೆಕ್ಕ ಬಿಡಿಸುವ ಕ್ರಮ.

"ಕ್ವಾಂಟಮ್ ಕಂಪ್ಯೂಟರ್ ಎಲ್ಲ ಉತ್ತರಗಳನ್ನೂ ಒಮ್ಮೆಗೇ ನೋಡಿ ಸರಿಯಾದುದನ್ನು ಆರಿಸುತ್ತದೆ" ಎಂದು ಪತ್ರಿಕೆಗಳಲ್ಲಿ, ವಿಡಿಯೊಗಳಲ್ಲಿ ಹೇಳುವುದುಂಟು. ಅದು ಅರ್ಧ ಸತ್ಯ. ಎಲ್ಲ ಉತ್ತರಗಳೂ ಸೂಪರ್‌ಪೊಸಿಷನ್‌ನಲ್ಲಿ ಇರಬಹುದು, ಆದರೆ ಅಳೆದಾಗ ಸಿಗುವುದು ಒಂದೇ. ಅಲೆಗಳನ್ನು ಸರಿಯಾಗಿ ಕೂಡಿಸುವ ಜಾಣತನ ಗೊತ್ತಿಲ್ಲದಿದ್ದರೆ ಸಿಕ್ಕ ಆ ಒಂದು ಉತ್ತರ ಕಣ್ಣು ಮುಚ್ಚಿ ಚೀಟಿ ಎತ್ತಿದ್ದಕ್ಕೆ ಸಮ. ಅಂಥ ಜಾಣತನ ಕೆಲವೇ ಲೆಕ್ಕಗಳಿಗೆ ಸಿಕ್ಕಿದೆ. ಹೀಗಾಗಿಯೇ ಇದು ಎಲ್ಲ ಕೆಲಸದ ಯಂತ್ರ ಅಲ್ಲ ಎಂದು ಮೊದಲೇ ಹೇಳಿದೆ.

ಕ್ಯೂಬಿಟ್‌ಗಳಿಗೆ ಇನ್ನೊಂದು ಗುಣವಿದೆ, ಎಂಟ್ಯಾಂಗಲ್‌ಮೆಂಟ್. ಎರಡು ಕ್ಯೂಬಿಟ್‌ಗಳು ಹೆಣೆದುಕೊಂಡ ಸ್ಥಿತಿ ಅದು. ಎರಡೂ 0 ಸ್ಥಿತಿಯಲ್ಲಿರುವಾಗ ಮೊದಲ ಕ್ಯೂಬಿಟ್‌ಗೆ ಹ್ಯಾಡಮಾರ್ಡ್ ಹಾಕಿ, ಆಮೇಲೆ ಎರಡರ ನಡುವೆ ಸಿ-ನಾಟ್ ಗೇಟ್ ಹಾಕಿ. ಸಿ-ನಾಟ್ ನಿಯಮ ಸರಳ: ಮೊದಲನೆಯದು 1 ಇದ್ದರೆ ಎರಡನೆಯದನ್ನು ತಿರುಗಿಸು, 0 ಇದ್ದರೆ ಸುಮ್ಮನಿರು. ಆಮೇಲೆ ಅಳೆದರೆ ಎರಡೂ 0 ಸಿಗುತ್ತವೆ, ಇಲ್ಲವೇ ಎರಡೂ 1 ಸಿಗುತ್ತವೆ. ಒಂದು 0, ಒಂದು 1 ಎಂದು ಬರುವುದೇ ಇಲ್ಲ. ಇಂಥ ಹೆಣಿಗೆಯ ಮೇಲಿನ ಪ್ರಯೋಗಗಳಿಗೆ ಅಲೈನ್ ಆಸ್ಪೆ, ಜಾನ್ ಕ್ಲೌಸರ್, ಆಂಟನ್ ಝೈಲಿಂಗರ್ ಅವರಿಗೆ 2022ರ ಭೌತಶಾಸ್ತ್ರ ನೊಬೆಲ್ ಬಂದಿತು.

ಹೆಣಿಗೆಯಿಂದಾಗಿ ಲೆಕ್ಕ ಎಷ್ಟು ಬೇಗ ದೊಡ್ಡದಾಗುತ್ತದೆ ನೋಡಿ. 2 ಕ್ಯೂಬಿಟ್ ಇದ್ದರೆ 4 ಆಂಪ್ಲಿಟ್ಯೂಡ್. 10 ಇದ್ದರೆ 1,024. 20 ಇದ್ದರೆ ಹತ್ತು ಲಕ್ಷ ದಾಟುತ್ತದೆ. 30 ಇದ್ದರೆ ಸುಮಾರು 107 ಕೋಟಿ. ಇದನ್ನು ಸಾಮಾನ್ಯ ಕಂಪ್ಯೂಟರಿನಲ್ಲಿ ಬರೆದಿಡಲು ಸುಮಾರು 17 ಜಿಬಿ ಮೆಮೊರಿ ಬೇಕು. 50 ಕ್ಯೂಬಿಟ್‌ಗೆ ಸುಮಾರು ಒಂದು ಕೋಟಿ 80 ಲಕ್ಷ ಜಿಬಿ ಬೇಕಾಗುತ್ತದೆ. 300 ಕ್ಯೂಬಿಟ್ ಆದರೆ ನಮಗೆ ಕಾಣಬಲ್ಲ ವಿಶ್ವದ ಪರಮಾಣುಗಳ ಲೆಕ್ಕವನ್ನೂ ಮೀರುತ್ತದೆ. ಅಣುಗಳ ಲೆಕ್ಕವೂ ಹೀಗೆಯೇ ಬೆಳೆಯುತ್ತದೆ. ಅಣುಗಳ ಲೋಕವನ್ನು ಸಾಮಾನ್ಯ ಕಂಪ್ಯೂಟರಿನಲ್ಲಿ ನಕಲು ಮಾಡುವುದು ಇಷ್ಟು ಕಷ್ಟವಾದರೆ, ಅಣುಗಳ ನಿಯಮದಲ್ಲೇ ನಡೆಯುವ ಕಂಪ್ಯೂಟರ್ ಯಾಕೆ ಕಟ್ಟಬಾರದು ಎಂದು ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ 1981ರ ಒಂದು ಉಪನ್ಯಾಸದಲ್ಲಿ ಕೇಳಿದರು. ಈ ಯಂತ್ರದ ಕನಸು ಗಟ್ಟಿಯಾದದ್ದು ಅಲ್ಲಿಂದ.

ಹಾಗಾದರೆ ಯಂತ್ರ ಹೇಗಿರುತ್ತದೆ? ಕ್ಯೂಬಿಟ್ ಮಾಡುವುದಕ್ಕೆ ಹಲವು ದಾರಿಗಳಿವೆ. ಕೆಲವರು ಒಂಟಿ ಪರಮಾಣುಗಳನ್ನು ಲೇಸರ್‌ನಿಂದ ಹಿಡಿದಿಡುತ್ತಾರೆ, ಕೆಲವರು ಬೆಳಕಿನ ಕಣ ಬಳಸುತ್ತಾರೆ. ಹೆಚ್ಚು ಸುದ್ದಿಯಲ್ಲಿರುವುದು ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್. ಸಿಲಿಕಾನ್ ಬಿಲ್ಲೆಯ ಮೇಲೆ ಲೋಹದ ತೆಳು ಪದರದ ಸರ್ಕಿಟ್ ಅದು. ಅದನ್ನು ಶೂನ್ಯಕ್ಕಿಂತ ಸುಮಾರು 273 ಡಿಗ್ರಿ ಸೆಲ್ಸಿಯಸ್ ಕೆಳಗೆ ತಂಪು ಮಾಡುತ್ತಾರೆ. ಬಾಹ್ಯಾಕಾಶದ ಖಾಲಿ ಜಾಗ ಕೂಡ ಅದಕ್ಕಿಂತ ಬೆಚ್ಚಗಿದೆ. ಆ ತಂಪಿನಲ್ಲಿ ಲೋಹ ವಿದ್ಯುತ್ತಿಗೆ ತಡೆಯನ್ನೇ ಒಡ್ಡುವುದಿಲ್ಲ. ಹೊರಗಿನಿಂದ ಮೈಕ್ರೊವೇವ್ ತರಂಗಗಳ ಸಣ್ಣ ಸಣ್ಣ ತುಣುಕು ಕಳಿಸಿ ಗೇಟ್ ಹಾಕುತ್ತಾರೆ. ಚಿತ್ರಗಳಲ್ಲಿ ಬಂಗಾರದ ಬಣ್ಣದ ಜೂಮರಿನ ಹಾಗೆ ತೂಗಾಡುವುದು ಕಂಪ್ಯೂಟರ್ ಅಲ್ಲ, ತಂಪು ಮಾಡುವ ಯಂತ್ರದ ಒಳಭಾಗ. ಚಿಪ್ ಅದರ ತಳದಲ್ಲಿರುತ್ತದೆ, ಅಂಗೈಯಲ್ಲಿ ಹಿಡಿಸುವಷ್ಟು. ಇಂಥ ಸರ್ಕಿಟ್‌ಗಳಲ್ಲಿ ಕ್ವಾಂಟಮ್ ಗುಣ ಇದೆ ಎಂದು 1980ರ ದಶಕದಲ್ಲಿ ತೋರಿಸಿದ ಜಾನ್ ಕ್ಲಾರ್ಕ್, ಮಿಶೆಲ್ ಡೆವೊರೆ, ಜಾನ್ ಮಾರ್ಟಿನಿಸ್ ಅವರಿಗೆ 2025ರ ನೊಬೆಲ್ ಸಿಕ್ಕಿತು.

ಇಷ್ಟು ತಂಪು ಯಾಕೆ? ಸ್ವಲ್ಪ ಕಾವು, ಎಲ್ಲಿಂದಲೋ ಬಂದ ತರಂಗ, ಏನೇ ತಾಗಿದರೂ ಕ್ಯೂಬಿಟ್‌ನ ಸ್ಥಿತಿ ಕೆಡುತ್ತದೆ. ಇದಕ್ಕೆ ನಾಯ್ಸ್ ಎನ್ನುತ್ತಾರೆ. ತಂಪಿನಲ್ಲಿಟ್ಟರೂ ಸ್ಥಿತಿ ನಿಲ್ಲುವುದು ಸಾಮಾನ್ಯವಾಗಿ ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಹೊತ್ತು. ಅಷ್ಟರಲ್ಲಿ ಲೆಕ್ಕ ಮುಗಿಯಬೇಕು. ಎರಡು ಕ್ಯೂಬಿಟ್‌ಗಳ ಗೇಟು ಕೆಲವು ನೂರು ಅಥವಾ ಸಾವಿರ ಸಲಕ್ಕೆ ಒಮ್ಮೆ ತಪ್ಪುತ್ತದೆ. ಕೋಟಿಗಟ್ಟಲೆ ಹೆಜ್ಜೆಯ ಲೆಕ್ಕಕ್ಕೆ ಇದು ನಡೆಯುವುದಿಲ್ಲ. ಅದಕ್ಕಾಗಿ ಬಹಳಷ್ಟು ಕ್ಯೂಬಿಟ್‌ಗಳನ್ನು ಗುಂಪು ಮಾಡಿ ಒಂದು ನಂಬಿಕಸ್ತ ಕ್ಯೂಬಿಟ್‌ನಂತೆ ಬಳಸುವ ದಾರಿ ಹುಡುಕುತ್ತಿದ್ದಾರೆ. ಗುಂಪು ದೊಡ್ಡದಾದಷ್ಟೂ ತಪ್ಪು ಕಡಿಮೆಯಾಗುತ್ತದೆ ಎಂದು ಗೂಗಲ್ 2024ರ ಡಿಸೆಂಬರಿನಲ್ಲಿ ತನ್ನ 105 ಕ್ಯೂಬಿಟ್‌ನ ವಿಲೋ ಚಿಪ್‌ನಲ್ಲಿ ತೋರಿಸಿತು. ನನ್ನ ಪ್ರಕಾರ ಈಚಿನ ಸುದ್ದಿಗಳಲ್ಲಿ ನಿಜವಾಗಿ ದೊಡ್ಡದು ಇದೇ. ಕ್ಯೂಬಿಟ್ ಎಷ್ಟು ಎಂಬ ಪೈಪೋಟಿಗಿಂತ ತಪ್ಪು ಎಷ್ಟು ಕಡಿಮೆಯಾಯಿತು ಎಂಬುದನ್ನು ಗಮನಿಸಿ.

"ಹಂಗಾದ್ರ ಇದರಿಂದ ಉಪಯೋಗ ಏನ್ರಿ?" ಇವತ್ತು ಮನೆಗೆ, ಹೊಲಕ್ಕೆ ನೇರ ಉಪಯೋಗ ಇಲ್ಲ. ಮುಚ್ಚುಮರೆಯಿಲ್ಲದೆ ಹೇಳಬೇಕಾದ ಮಾತು ಇದು. ಮುಂದೆ ಆಗಬಹುದಾದದ್ದರಲ್ಲಿ ನನಗೆ ಹೆಚ್ಚು ಭರವಸೆ ಇರುವುದು ಅಣುಗಳ ಲೆಕ್ಕದಲ್ಲಿ. ನಮ್ಮ ಕಡೆ ಕಬ್ಬಿಗೆ ಹಾಕುವ ಯೂರಿಯಾ ತೆಗೆದುಕೊಳ್ಳಿ. ಗಾಳಿಯ ಸಾರಜನಕದಿಂದ ಮೊದಲು ಅಮೋನಿಯ ಮಾಡಿ, ಅದರಿಂದ ಯೂರಿಯಾ ಮಾಡುತ್ತಾರೆ. ಕಾರ್ಖಾನೆಯಲ್ಲಿ ಅಮೋನಿಯ ಮಾಡಲು 400 ಡಿಗ್ರಿಗೂ ಹೆಚ್ಚು ಕಾವು, ಭಾರಿ ಒತ್ತಡ ಬೇಕು. ಶೇಂಗಾ, ಕಡಲೆ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಅದೇ ಕೆಲಸವನ್ನು ಹೊಲದ ಮಣ್ಣಿನ ಕಾವಿನಲ್ಲೇ ಮಾಡುತ್ತವೆ. ಅವುಗಳೊಳಗಿನ ನೈಟ್ರೋಜಿನೇಸ್ ಎಂಬ ಕಿಣ್ವ ಅದನ್ನು ಹೇಗೆ ಸಾಧಿಸುತ್ತದೆ ಎಂಬುದು ಪೂರ್ತಿ ತಿಳಿದಿಲ್ಲ. ಅದರ ಎಲೆಕ್ಟ್ರಾನ್‌ಗಳ ಲೆಕ್ಕ ಸಾಮಾನ್ಯ ಕಂಪ್ಯೂಟರಿಗೆ ವಿಪರೀತ ದೊಡ್ಡದು. ತಪ್ಪಿಲ್ಲದ ದೊಡ್ಡ ಕ್ವಾಂಟಮ್ ಕಂಪ್ಯೂಟರ್ ಬಂದರೆ ಆ ಲೆಕ್ಕ ಬಿಡಿಸಬಹುದು ಎಂದು ವಿಜ್ಞಾನಿಗಳು 2017ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಔಷಧಿ, ಬ್ಯಾಟರಿಗಳ ಸಂಶೋಧನೆಗೂ ಇದೇ ಮಾತು ಅನ್ವಯಿಸುತ್ತದೆ.

ಇನ್ನೊಂದು ಹೆಸರಾದ ಲೆಕ್ಕ ಹುಡುಕಾಟದ್ದು. ಹತ್ತು ಲಕ್ಷ ಹೆಸರುಗಳ, ಕ್ರಮವಿಲ್ಲದ ಪಟ್ಟಿಯಲ್ಲಿ ಒಂದು ಹೆಸರು ಹುಡುಕಲು ಸರಾಸರಿ ಐದು ಲಕ್ಷ ಸಲ ನೋಡಬೇಕು. ಲವ್ ಗ್ರೋವರ್ ಎಂಬ ಭಾರತ ಮೂಲದ ವಿಜ್ಞಾನಿ 1996ರಲ್ಲಿ ಕೊಟ್ಟ ಕ್ರಮದಲ್ಲಿ ಸುಮಾರು 785 ಹೆಜ್ಜೆ ಸಾಕು. ಕೇಳಲು ಚಂದ. ಆದರೆ ಆ ಪಟ್ಟಿಯನ್ನು ಮೊದಲು ಯಂತ್ರಕ್ಕೆ ತುಂಬುವುದಕ್ಕೇ ಹತ್ತು ಲಕ್ಷ ಹೆಜ್ಜೆ ಬೇಕಾದರೆ ಲಾಭ ಎಲ್ಲಿ ಉಳಿಯಿತು? ಹೀಗಾಗಿ ಸಕ್ಕರೆ ಕಾರ್ಖಾನೆಯ ಕಬ್ಬು ಕಟಾವಿನ ಸರದಿ, ಲಾರಿಗಳ ದಾರಿ ಇವನ್ನೆಲ್ಲ ಕ್ವಾಂಟಮ್ ಕಂಪ್ಯೂಟರ್ ಇಂದೇ ಸರಿ ಮಾಡಿಕೊಡುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಆ ಕೆಲಸಕ್ಕೆ ಇವತ್ತು ಒಳ್ಳೆಯ ಸಾಮಾನ್ಯ ಸಾಫ್ಟ್‌ವೇರೇ ಮೇಲು.

"ಫೋನ್‌ಪೇದಾಗಿನ ರೊಕ್ಕಾ ಹೋಗ್ತೈತಂತ ಹೇಳ್ತಾರಲ್ರಿ?" ಈ ಭಯ ಎಲ್ಲಿಂದ ಬಂತು ಎಂದು ಹೇಳುತ್ತೇನೆ. 61ನ್ನು 53ರಿಂದ ಗುಣಿಸಿದರೆ 3,233 ಎಂದು ಸುಲಭವಾಗಿ ಸಿಗುತ್ತದೆ. ಆದರೆ 3,233 ಕೊಟ್ಟು ಅದು ಯಾವ ಎರಡು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ ಎಂದರೆ ಹುಡುಕಾಡಬೇಕು. ಸಂಖ್ಯೆ ಆರು ನೂರು ಅಂಕಿಗಳಷ್ಟು ಉದ್ದವಾದರೆ ಈಗಿನ ಯಾವ ಕಂಪ್ಯೂಟರಿಗೂ ಅದು ಸಾಧ್ಯವಿಲ್ಲ. ಇಂಟರ್ನೆಟ್‌ನ ಹಳೆಯ ಗೂಢಲಿಪಿಗಳಲ್ಲಿ ಒಂದು ಈ ಕಷ್ಟದ ಮೇಲೆಯೇ ನಿಂತಿದೆ. ಪೀಟರ್ ಶೋರ್ ಎಂಬ ಗಣಿತಜ್ಞ 1994ರಲ್ಲಿ, ಕ್ವಾಂಟಮ್ ಕಂಪ್ಯೂಟರಿಗೆ ಇದು ಸುಲಭ ಎಂದು ತೋರಿಸಿದರು. ಆದರೆ ಅದಕ್ಕೆ ಎಷ್ಟು ದೊಡ್ಡ ಯಂತ್ರ ಬೇಕು? ಗೂಗಲ್‌ನ ಕ್ರೇಗ್ ಗಿಡ್ನಿ ಅವರ 2025ರ ಅಂದಾಜಿನಂತೆ ಹತ್ತು ಲಕ್ಷಕ್ಕೆ ಸ್ವಲ್ಪ ಕಡಿಮೆ ಕ್ಯೂಬಿಟ್, ಒಂದು ವಾರದ ಒಳಗಿನ ಸಮಯ. 2019ರ ಅಂದಾಜು ಎರಡು ಕೋಟಿ ಕ್ಯೂಬಿಟ್ ಇತ್ತು. ಅಂದರೆ ಗುರಿ ಹತ್ತಿರವಾಗುತ್ತಿದೆ, ಆದರೆ ಇನ್ನೂ ದೂರವಿದೆ. ಐಬಿಎಂ 2023ರಲ್ಲಿ ತೋರಿಸಿದ ಕಾಂಡೋರ್ ಚಿಪ್‌ನಲ್ಲಿ ಇದ್ದದ್ದು 1,121 ಕ್ಯೂಬಿಟ್. ಅಷ್ಟರೊಳಗೆ ಗೂಢಲಿಪಿಯನ್ನೇ ಬದಲಿಸುವ ಕೆಲಸ ನಡೆದಿದೆ. ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ 2024ರ ಆಗಸ್ಟಿನಲ್ಲಿ ಕ್ವಾಂಟಮ್‌ಗೂ ಬಗ್ಗದ ಮೂರು ಹೊಸ ಮಾನದಂಡ ಪ್ರಕಟಿಸಿತು. ನೀವು ಮಾಡಬೇಕಾದದ್ದು ಇಷ್ಟೇ: ಫೋನ್ ಮತ್ತು ಆ್ಯಪ್‌ಗಳ ಅಪ್‌ಡೇಟ್ ಬಂದಾಗ ಹಾಕಿಕೊಳ್ಳಿ.

ನಿಜವಾದ ಅಪಾಯ ಬೇರೆ ಕಡೆ ಇದೆ. ಕ್ವಾಂಟಮ್ ಎಂಬ ಹೆಸರು ಹಚ್ಚಿ ಹಣ ದುಪ್ಪಟ್ಟು ಮಾಡುವ ಟ್ರೇಡಿಂಗ್ ಆ್ಯಪ್‌ಗಳು, ಗಣ್ಯರ ಮುಖ ಹಾಕಿದ ನಕಲಿ ವಿಡಿಯೊಗಳು ಫೋನಿಗೆ ಬರುತ್ತವೆ. ರೋಗ ಪತ್ತೆ ಮಾಡುವ ಕ್ವಾಂಟಮ್ ಯಂತ್ರ, ಕ್ವಾಂಟಮ್ ಪದಕ ಎಂದೂ ಮಾರುತ್ತಾರೆ. ಇವಕ್ಕೂ ಕ್ವಾಂಟಮ್ ವಿಜ್ಞಾನಕ್ಕೂ ಸಂಬಂಧವಿಲ್ಲ. ಹಣ ಕಳೆದುಕೊಂಡರೆ ತಡ ಮಾಡದೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿ. ದಯವಿಟ್ಟು ನಾಚಿಕೆ ಪಟ್ಟು ಸುಮ್ಮನಿರಬೇಡಿ. ಮೊದಲ ಕೆಲವು ಗಂಟೆಗಳಲ್ಲಿ ಹೇಳಿದರೆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಈಗ ನಮ್ಮ ರಾಜ್ಯದ ಮಾತು. ಕೇಂದ್ರ ಸಚಿವ ಸಂಪುಟ 2023ರ ಏಪ್ರಿಲ್ 19ರಂದು ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಮೊತ್ತ ರೂ. 6,003.65 ಕೋಟಿ, ಅವಧಿ 2030-31ರವರೆಗೆ. 50ರಿಂದ 1,000 ಕ್ಯೂಬಿಟ್‌ನ ಕಂಪ್ಯೂಟರ್ ಕಟ್ಟುವುದು ಅದರ ಒಂದು ಗುರಿ. ಅದರ ನಾಲ್ಕು ಕೇಂದ್ರಗಳಲ್ಲಿ ಕಂಪ್ಯೂಟಿಂಗ್‌ನದ್ದು ಇರುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಬೆಂಗಳೂರಿನದೇ ಕಂಪನಿ ಕ್ಯೂಪಿಎಐ 2025ರ ಏಪ್ರಿಲ್‌ನಲ್ಲಿ 25 ಕ್ಯೂಬಿಟ್‌ನ ಇಂಡಸ್ ಎಂಬ ಯಂತ್ರವನ್ನು ಹೊರತಂದಿತು. ಅದೇ ವರ್ಷ ಜುಲೈ ಕೊನೆಯಲ್ಲಿ ಬೆಂಗಳೂರಿನಲ್ಲಿ ನಡೆದ ಕ್ವಾಂಟಮ್ ಸಮಾವೇಶದಲ್ಲಿ ರಾಜ್ಯ ಸರ್ಕಾರ ರೂ. 1,000 ಕೋಟಿಯ ಕರ್ನಾಟಕ ಕ್ವಾಂಟಮ್ ಮಿಷನ್ ಘೋಷಿಸಿತು. ಹೆಸರಘಟ್ಟದ ಬಳಿ ಕ್ಯೂ-ಸಿಟಿಗೆ ಜಾಗವನ್ನೂ ಗುರುತಿಸಿದೆ. ಎಲ್ಲವೂ ಬೆಂಗಳೂರಿನ ಸುತ್ತಲೇ ಇದೆ ಎಂಬ ಬೇಸರ ನಮ್ಮ ಕಡೆಯವರಿಗೆ ಆಗುವುದು ಸಹಜ, ನನಗೂ ಇದೆ. ವಿಟಿಯುನ ಕೇಂದ್ರ ಕಚೇರಿಯೇ ಬೆಳಗಾವಿಯಲ್ಲಿರುವಾಗ ಒಂದು ಒಳ್ಳೆಯ ಕ್ವಾಂಟಮ್ ಪ್ರಯೋಗಾಲಯ ಈ ಜಿಲ್ಲೆಗೂ ಬರಬೇಕು. ಆದರೆ ಕಲಿಯುವುದಕ್ಕೆ ಅದು ಬರುವವರೆಗೆ ಕಾಯಬೇಕಾಗಿಲ್ಲ.

ಮೊದಲ ಹೆಜ್ಜೆಗೆ ಖರ್ಚೇ ಇಲ್ಲ. ಕ್ವರ್ಕ್ ಎಂಬ ಸಿಮ್ಯುಲೇಟರ್ ಇದೆ. ಸಿಮ್ಯುಲೇಟರ್ ಎಂದರೆ ನಿಜವಾದ ಯಂತ್ರದ ನಡವಳಿಕೆಯನ್ನು ತೆರೆಯ ಮೇಲೆ ತೋರಿಸುವ ಸಾಫ್ಟ್‌ವೇರ್. ಮೇಲೆ ಹೇಳಿದ ಕ್ರೇಗ್ ಗಿಡ್ನಿ ಅವರೇ ಮಾಡಿದ್ದು, ಬ್ರೌಸರಿನಲ್ಲೇ ತೆರೆಯುತ್ತದೆ, ಲಾಗಿನ್ ಬೇಡ. ಕಂಪ್ಯೂಟರಿನಲ್ಲಿ ತೆರೆದರೆ ಅನುಕೂಲ. ಅಡ್ಡಗೆರೆಗಳು ಕಾಣುತ್ತವೆ, ಒಂದೊಂದು ಗೆರೆ ಒಂದೊಂದು ಕ್ಯೂಬಿಟ್. ಎಚ್ ಅಕ್ಷರದ ಪೆಟ್ಟಿಗೆ ಹ್ಯಾಡಮಾರ್ಡ್ ಗೇಟ್. ಅದನ್ನು ಎಳೆದು ಮೊದಲ ಗೆರೆಯ ಮೇಲೆ ಇಡಿ. ಬಲಗಡೆ 50 ಪ್ರತಿಶತ ಎಂದು ತೋರಿಸುತ್ತದೆ. ಇನ್ನೊಂದು ಎಚ್ ಪೆಟ್ಟಿಗೆಯನ್ನು ಅದರ ಮುಂದೆ ಇಡಿ. 1 ಸಿಗುವ ಪ್ರಮಾಣ ಸೊನ್ನೆಗೆ ಇಳಿಯುತ್ತದೆ. ನಾವು ಮೇಲೆ ಕೈಯಲ್ಲಿ ಮಾಡಿದ ಲೆಕ್ಕ ಇದೇ. ಆಮೇಲೆ ಎರಡನೆಯ ಎಚ್ ತೆಗೆದು, ಮೊದಲ ಗೆರೆಯ ಮೇಲೆ ಕಪ್ಪು ಚುಕ್ಕೆ, ಅದರ ಕೆಳಗೆ ಎರಡನೆಯ ಗೆರೆಯ ಮೇಲೆ ಕೂಡುವ ಚಿಹ್ನೆಯ ವೃತ್ತ ಇಡಿ. ಅದು ಸಿ-ನಾಟ್. ಎರಡು ಕ್ಯೂಬಿಟ್‌ಗಳ ಹೆಣಿಗೆ ತಯಾರಾಯಿತು. ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಮಾಸ್ತರರು ಇದನ್ನು ಒಂದು ಪೀರಿಯಡ್‌ನಲ್ಲಿ ತೋರಿಸಬಹುದು.

ಇದು ರುಚಿಸಿದರೆ ಪೈಥಾನ್ ಕಲಿಯಿರಿ. ಪೈಥಾನ್ ಒಂದು ಪ್ರೋಗ್ರಾಮಿಂಗ್ ಭಾಷೆ, ಉಚಿತ. ಅದರೊಳಗೆ ಐಬಿಎಂನ ಕಿಸ್ಕಿಟ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಂಡರೆ ಕ್ವಾಂಟಮ್ ಪ್ರೋಗ್ರಾಮ್ ಬರೆಯಬಹುದು. ಹೊಸ ದುಬಾರಿ ಲ್ಯಾಪ್‌ಟಾಪ್ ಬೇಡ. 8 ಜಿಬಿ ಮೆಮೊರಿಯದ್ದರಲ್ಲಿ 25 ಕ್ಯೂಬಿಟ್‌ವರೆಗಿನ ಸಿಮ್ಯುಲೇಶನ್ ನಡೆಯುತ್ತದೆ, ಕಲಿಯಲು ಅಷ್ಟು ಬೇಕಾದಷ್ಟಾಯಿತು. ಲ್ಯಾಪ್‌ಟಾಪ್‌ನಲ್ಲಿ ಏನೂ ಹಾಕಿಕೊಳ್ಳಲು ಆಗದಿದ್ದರೆ ಗೂಗಲ್ ಕೊಲ್ಯಾಬ್ ಎಂಬ ತಾಣದಲ್ಲಿ ಬ್ರೌಸರಿನಲ್ಲೇ ಬರೆಯಬಹುದು.

ನಿಜವಾದ ಯಂತ್ರ ಮುಟ್ಟಬೇಕೇ? ಅದೂ ಆಗುತ್ತದೆ. ಐಬಿಎಂ 2016ರಲ್ಲೇ 5 ಕ್ಯೂಬಿಟ್‌ನ ಯಂತ್ರವನ್ನು ಇಂಟರ್ನೆಟ್ ಮೂಲಕ ಎಲ್ಲರಿಗೂ ತೆರೆದಿತ್ತು. ಈಗ ಅದರ ಉಚಿತ ಯೋಜನೆಯಲ್ಲಿ 28 ದಿನಗಳಿಗೆ 10 ನಿಮಿಷ ಯಂತ್ರದ ಸಮಯ ಸಿಗುತ್ತದೆ, ಅದೂ ನೂರಕ್ಕೂ ಹೆಚ್ಚು ಕ್ಯೂಬಿಟ್‌ನ ಯಂತ್ರದಲ್ಲಿ. ಹತ್ತು ನಿಮಿಷ ಸಣ್ಣದು ಎನಿಸಬಹುದು. ಆದರೆ ಸಣ್ಣ ಪ್ರೋಗ್ರಾಮ್ ಒಂದು ಕೆಲವೇ ಸೆಕೆಂಡು ತಿನ್ನುತ್ತದೆ. ಹಣ ಕೊಟ್ಟು ಬಳಸುವವರಿಗೆ ನಿಮಿಷಕ್ಕೆ 96 ಡಾಲರ್ ದರವಿದೆ, ಎಂಟು ಸಾವಿರ ರೂಪಾಯಿಗೂ ಮೇಲಾಯಿತು. ನೋಂದಣಿ ಮಾಡುವಾಗ ಉಚಿತ ಯೋಜನೆಯನ್ನೇ ಆರಿಸಿದ್ದೀರಾ ಎಂದು ಎರಡು ಸಲ ನೋಡಿಕೊಳ್ಳಿ. ಹೆಣಿಗೆಯ ಪ್ರೋಗ್ರಾಮನ್ನು ಅಲ್ಲಿ ಸಾವಿರ ಸಲ ಓಡಿಸಿ. ಎರಡೂ 0 ಸುಮಾರು ಅರ್ಧ ಸಲ, ಎರಡೂ 1 ಸುಮಾರು ಅರ್ಧ ಸಲ ಬರುತ್ತವೆ. ಜತೆಗೆ ಒಂದು 0, ಒಂದು 1 ಎಂದು ಬರಬಾರದ ಕೆಲವು ಉತ್ತರಗಳೂ ಬರುತ್ತವೆ. ಅದು ನಿಮ್ಮ ತಪ್ಪಲ್ಲ, ಯಂತ್ರದ ನಾಯ್ಸ್. ಸಿಮ್ಯುಲೇಟರಿನಲ್ಲಿ ಕಾಣದ ಈ ಕೊಳೆ ಕಣ್ಣಿಗೆ ಬಿದ್ದಾಗಲೇ ವಿಜ್ಞಾನಿಗಳು ಯಾಕೆ ಇಷ್ಟು ಕಷ್ಟಪಡುತ್ತಿದ್ದಾರೆ ಎಂದು ಅರ್ಥವಾಗುತ್ತದೆ.

"ನಮ್ಮ ಹುಡುಗ ಕನ್ನಡ ಮೀಡಿಯಂ, ಅವಗ ಇದು ಬರ್ತೈತೇನ್ರಿ?" ಬರುತ್ತದೆ. ಇದಕ್ಕೆ ಬೇಕಾದ ಗಣಿತ ಮೂರು ತುಂಡು: ಸಂಭವನೀಯತೆ, ಸಮ್ಮಿಶ್ರ ಸಂಖ್ಯೆ, ಮಾತೃಕೆ. ಮೊದಲನೆಯದು ಎಸ್ಸೆಸ್ಸೆಲ್ಸಿಯಲ್ಲೇ ಶುರುವಾಗುತ್ತದೆ, ಉಳಿದ ಎರಡು ಪಿಯುಸಿ ವಿಜ್ಞಾನದಲ್ಲಿ ಇವೆ. ಗೇಟ್ ಎಂದರೆ ಒಂದು ಮಾತೃಕೆ, ಅದರಿಂದ ಈಗಿನ ಸ್ಥಿತಿಯನ್ನು ಗುಣಿಸಿದರೆ ಮುಂದಿನ ಸ್ಥಿತಿ. ಮೂಡಲಗಿಯ ಪಿಯು ಕಾಲೇಜಿನ ಹುಡುಗನಿಗೂ ಬೆಂಗಳೂರಿನ ಹುಡುಗನಿಗೂ ಆ ಮಾತೃಕೆ ಒಂದೇ. ಇಂಗ್ಲಿಷಿನ ತೊಡಕು ಇದೆ, ಸುಳ್ಳು ಹೇಳುವುದಿಲ್ಲ. ಪಾಠಗಳು ಹೆಚ್ಚಾಗಿ ಇಂಗ್ಲಿಷಿನಲ್ಲೇ ಇವೆ. ಆದರೆ ಪದೇ ಪದೇ ಬರುವ ಪದಗಳು ಇಪ್ಪತ್ತು ಮೂವತ್ತಕ್ಕಿಂತ ಹೆಚ್ಚಿಲ್ಲ. ಅರ್ಧದಷ್ಟು ಈ ಲೇಖನದಲ್ಲೇ ಬಂದಿವೆ.

ಓದಿನ ದಾರಿ ಹೀಗಿದೆ. ಪಿಯುಸಿ ವಿಜ್ಞಾನದ ಮೇಲೆ ಬಿಎಸ್ಸಿ ಭೌತಶಾಸ್ತ್ರ, ಇಲ್ಲವೇ ಬಿಇ. ಬಿಇ ಮಾಡುವವರಿಗೆ ಕ್ವಾಂಟಮ್ ತಂತ್ರಜ್ಞಾನವನ್ನು ಮೈನರ್ ಆಗಿ, ಅಂದರೆ ಮುಖ್ಯ ವಿಷಯದ ಜತೆಗಿನ ಉಪವಿಷಯವಾಗಿ ಓದಲು ದೇಶದ ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇ ಪಠ್ಯಕ್ರಮ ತಯಾರಿಸಿದೆ. ನಿಮ್ಮ ಕಾಲೇಜಿನಲ್ಲಿ ಅದು ಇದೆಯೇ ಎಂದು ಪ್ರವೇಶದ ಮೊದಲೇ ಕೇಳಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2021ರಿಂದ ಕ್ವಾಂಟಮ್ ತಂತ್ರಜ್ಞಾನದಲ್ಲೇ ಎಂಟೆಕ್ ಇದೆ. ಕೆಲಸದ ವಿಷಯದಲ್ಲಿ ಅತಿ ಆಸೆ ಹುಟ್ಟಿಸುವುದು ನನಗೆ ಇಷ್ಟವಿಲ್ಲ. ಸದ್ಯಕ್ಕೆ ಹುದ್ದೆಗಳು ಕಡಿಮೆ, ಬಹುಪಾಲು ಎಂಟೆಕ್ ಅಥವಾ ಪಿಎಚ್‌ಡಿ ಕೇಳುತ್ತವೆ. ಆದರೆ ಯಂತ್ರ ಕಟ್ಟಲು ಭೌತಶಾಸ್ತ್ರಜ್ಞರಷ್ಟೇ ಸಾಲದು. ತಂಪು ಯಂತ್ರ ನೋಡಿಕೊಳ್ಳುವವರು, ಮೈಕ್ರೊವೇವ್ ಎಲೆಕ್ಟ್ರಾನಿಕ್ಸ್ ಗೊತ್ತಿರುವವರು, ಸಾಫ್ಟ್‌ವೇರ್ ಬರೆಯುವವರು ಎಲ್ಲರೂ ಬೇಕು. ಹೀಗಾಗಿ ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್ ಓದುವ ಮಕ್ಕಳು ಇದು ನಮ್ಮದಲ್ಲ ಎಂದು ಬಿಡಬೇಡಿ.

ಕೆಲವು ಖಾಸಗಿ ಸಂಸ್ಥೆಗಳು ಎರಡು ತಿಂಗಳಲ್ಲಿ ಕ್ವಾಂಟಮ್ ಪರಿಣತ ಮಾಡುತ್ತೇವೆ ಎಂದು ಸಾವಿರಾರು ರೂಪಾಯಿ ಕೇಳುತ್ತವೆ. ಕೊಡುವ ಮೊದಲು ಎನ್‌ಪಿಟಿಇಎಲ್ ನೋಡಿ. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಆನ್‌ಲೈನ್ ಪಾಠಗಳು ಅವು. ಐಬಿಎಂ ಮತ್ತು ಐಐಟಿ ಮದ್ರಾಸ್ ಜತೆಯಾಗಿ ಕ್ವಾಂಟಮ್ ಕಂಪ್ಯೂಟಿಂಗ್ ಮತ್ತು ಕಿಸ್ಕಿಟ್ ಕುರಿತು ಅಲ್ಲಿ ಒಂದು ಕೋರ್ಸ್ ಮಾಡಿವೆ. ಪಾಠ ಕೇಳಲು ಹಣ ಬೇಡ. ಪ್ರಮಾಣಪತ್ರ ಬೇಕೆಂದರೆ ಮಾತ್ರ ಪರೀಕ್ಷೆಗೆ ಸಾಮಾನ್ಯವಾಗಿ ರೂ. 1,000 ಶುಲ್ಕ, ಪರೀಕ್ಷೆಯನ್ನು ಕೇಂದ್ರಕ್ಕೆ ಹೋಗಿಯೇ ಬರೆಯಬೇಕು. ಕೋರ್ಸ್‌ಗಳು ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈ ಹೊತ್ತಿಗೆ ಶುರುವಾಗುತ್ತವೆ. ಆ ಸೆಮಿಸ್ಟರ್‌ನ ಪಟ್ಟಿಯಲ್ಲಿ ಬೇಕಾದ ಕೋರ್ಸ್ ಇಲ್ಲದಿದ್ದರೂ ಹಳೆಯ ಪಾಠಗಳ ವಿಡಿಯೊ ಯೂಟ್ಯೂಬ್‌ನಲ್ಲಿ ನೋಡಬಹುದು. ಒಬ್ಬರೇ ಕೂತರೆ ಎರಡನೆಯ ವಾರಕ್ಕೆ ಬಿಟ್ಟುಬಿಡುವ ಮನಸ್ಸಾಗುತ್ತದೆ. ಕಾಲೇಜಿನ ಇಬ್ಬರು ಮೂವರು ಗೆಳೆಯರು ಸೇರಿ, ಭೌತಶಾಸ್ತ್ರದ ಒಬ್ಬ ಮೇಷ್ಟ್ರನ್ನು ಜತೆಗೆ ಕರೆದುಕೊಂಡು ವಾರಕ್ಕೊಂದು ಪಾಠದಂತೆ ನೋಡಿ.